ಸಣ್ಣಕ್ಕನ ಕಣ್ಣಿಗೆ ಕಾಣದ ಹುಳ

ನಮ್ಮ ಸೋದರತ್ತೆ ಸಣ್ಣಕ್ಕನ ಮೂಗಿನ ವಿಷಯ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಇಷ್ಟೆಲ್ಲಾ ಅನಾಹುತ ಶುರುವಾದದ್ದೇ ಆ ಮೂಗಿನಿಂದ. ಯಾರ ಮನೆಯಲ್ಲಿ ಹಾಲು ಒಡೆದಿದೆ, ಯಾರ ಮನೆಯ ಸಾರು ತಳ ಹಿಡಿದಿದೆ ಅಂತ ಬೀದಿಯಲ್ಲಿ ನಡೆದು ಹೋಗುತ್ತಲೇ ಹೇಳುವವಳು ಅವಳು. ಆ ಮೂಗನ್ನು ನಂಬಿಯೇ ತಿಮ್ಮಪ್ಪಗೌಡರು ಹೆಚ್ಚೂಕಮ್ಮಿ ಮೂವತ್ತು ವರ್ಷ ತಮ್ಮ ರೇಷ್ಮೆ ಹುಳದ ಮನೆಯನ್ನು ಅವಳ ಕೈಗೆ ಬಿಟ್ಟಿದ್ದರು. ಗೌಡರ ನಡುಮನೆಗೆ ಅವಳು ಕಾಲಿಡುವಂತಿರಲಿಲ್ಲ, ಹುಳದ ಮನೆಗೆ ಅವಳನ್ನು ಕೇಳದೆ ಗೌಡರೂ ಕಾಲಿಡುವಂತಿರಲಿಲ್ಲ. ಇದನ್ನು ಹೇಳಿಕೊಂಡು ಅತ್ತೆ ನಗುತ್ತಾಳೆ. ನನಗಂತೂ ನಗು ಬರುವುದಿಲ್ಲ.

ನಾನು ಸಂಘಮಿತ್ರಾ. ಸಣ್ಣಕ್ಕನ ತಮ್ಮನ ಮಗಳು. ಚನ್ನರಾಯಪಟ್ಟಣದಲ್ಲಿ ಟೈಲರ್ ಅಂಗಡಿ ಇಟ್ಟುಕೊಂಡಿದ್ದೇನೆ. ಬ್ಲೌಸು ಬಿಗಿಯಾಯ್ತು, ತೋಳು ಉದ್ದವಾಯ್ತು ಅಂತ ಜಗಳಕ್ಕೆ ಬರುವವರ ಜೊತೆ ದಿನವಿಡೀ ಕಿತ್ತಾಡಿ ನನ್ನ ಬಾಯಿ ಹೀಗಾಗಿದೆ, ಒರಟು ಅನ್ನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಮ್ಮೂರು ಹೊಸಕಟ್ಟೆ ಕೊಪ್ಪಲು, ಪಟ್ಟಣದಿಂದ ಹೊಳೆನರಸೀಪುರದ ಕಡೆ ಹೋಗುವಾಗ ಸಿಗುತ್ತದೆ. ಬಸ್ಸಿನಲ್ಲಿ ನಿದ್ದೆ ಮಾಡಿದರೆ ಸಿಗುವುದಿಲ್ಲ, ಅಷ್ಟೇ ಇರುವುದು.

ರೇಷ್ಮೆ ಹುಳ ಸಾಕುವುದು ಸುಲಭದ ಮಾತಲ್ಲ. ಹೆತ್ತ ಮಕ್ಕಳನ್ನಾದರೂ ಒಂದು ಹೊತ್ತು ಮರೆಯಬಹುದು, ಹುಳ ಮರೆಯುವಂತಿಲ್ಲ. ಹೊತ್ತು ಹೊತ್ತಿಗೆ ಸೊಪ್ಪು ಹಾಕಬೇಕು, ಕೆಳಗಿನ ಹಿಕ್ಕೆ ತೆಗೆದು ಹಾಸಿಗೆ ಬದಲಿಸಬೇಕು. ಎಲ್ಲಕ್ಕಿಂತ ಮುಖ್ಯ, ಗಾಳಿ ಆಡಬೇಕು. ಸೆಕೆಯಲ್ಲಿ ಒಂದು ಮಧ್ಯಾಹ್ನ ಕಿಟಕಿ ತೆಗೆಯುವುದು ಮರೆತರೆ ಸಪ್ಪೆ ರೋಗ ಬಂದು, ಹುಳ ಮೆತ್ತಗಾಗಿ, ನಾಳೆ ಬೆಳಿಗ್ಗೆಗೆ ಇಡೀ ಮನೆ ನಾರುತ್ತದೆ. ಆ ವಾಸನೆ ಬೇರೆಯವರ ಮೂಗಿಗೆ ಬಡಿಯುವ ಮೊದಲೇ ಅತ್ತೆಗೆ ಬಡಿಯುತ್ತಿತ್ತು. ಹಾಸಿಗೆಯ ಮೂಲೆಯಲ್ಲಿ ಒಂದೇ ಒಂದು ಹುಳ ಕೆಟ್ಟಿದ್ದರೂ ಬಗ್ಗಿ, ಮೂಸಿ, ಎತ್ತಿ ಆಚೆ ಹಾಕುತ್ತಿದ್ದಳು. "ಸಣ್ಣಕ್ಕ ಕೈಯಿಟ್ಟ ಮ್ಯಾಲೆ ಉಳ ಕೆಡಾಕಿಲ್ಲ ಬುಡು" ಅನ್ನುವುದು ಸುತ್ತಮುತ್ತ ಊರಿನಲ್ಲೆಲ್ಲಾ ಇದ್ದ ಮಾತು. ಅತ್ತೆಗೆ ಓದು ಬರಹ ಇಲ್ಲ, ಜಮೀನಿಲ್ಲ, ಗಂಡ ಬೇಗ ತೀರಿಕೊಂಡ. ಇದ್ದದ್ದು ಮಗಳು ತೇಜಶ್ರೀ ಮತ್ತು ಈ ಹೆಸರು.

ಈಗ ನೀರಿನ ವಿಷಯಕ್ಕೆ ಬರುತ್ತೇನೆ. ನಮ್ಮೂರ ಬೋರ್‌ವೆಲ್ ನೀರು ನೋಡಲು ತಿಳಿ, ಕುಡಿಯಲು ರುಚಿ. ಆದರೆ ಅದರ ತುಂಬಾ ನೈಟ್ರೇಟು. ಆಲೂಗಡ್ಡೆಗೆ, ರೇಷ್ಮೆ ಸೊಪ್ಪಿನ ತೋಟಕ್ಕೆ ಚೀಲಗಟ್ಟಲೆ ಯೂರಿಯಾ ಸುರಿಯುತ್ತಾರೆ, ಊರ ಸುತ್ತ ತಿಪ್ಪೆ, ಮನೆ ಮನೆಗೂ ಪಾಯಿಖಾನೆ ಗುಂಡಿ. ಎಲ್ಲದರ ಸಾರ ಇಳಿದು ಇಳಿದು ಭೂಮಿಯ ಒಳಗಿನ ನೀರಿಗೆ ಸೇರಿದೆ. ದೊಡ್ಡವರಿಗೆ ತಕ್ಷಣ ಏನೂ ಆಗುವುದಿಲ್ಲ, ಎಳೆಗೂಸುಗಳಿಗೆ ಅಪಾಯ. ಕಾಯಿನ್ ಹಾಕಿದರೆ ಶುದ್ಧ ನೀರು ಬರುವ ಘಟಕ ಒಂದಿತ್ತು, ಅದು ಕೆಟ್ಟು ಬೀಗ ಹಾಕಿದ್ದರು. ಬೀಗವೂ ತುಕ್ಕು ಹಿಡಿದಿತ್ತು.

ಆಗ ಬಂದವಳು ಧನ್ಯಾ. ಹಾಸನದ ಒಂದು ಕಾಲೇಜಿನಲ್ಲಿ ನೀರಿನ ಮೇಲೆ ಸಂಶೋಧನೆ ಮಾಡುವ ಹುಡುಗಿ. ಶಾಲೆಯ ಹಿಂದೆ ಒಂದು ಉದ್ದನೆಯ ಗುಂಡಿ ತೋಡಿಸಿ, ತಳಕ್ಕೆ ಟಾರ್ಪಾಲು ಹಾಸಿ, ಜಜ್ಜಿದ ತೆಂಗಿನ ಮಟ್ಟೆ ತುಂಬಿಸಿದಳು. ಮಟ್ಟೆಗೇನು ಕೊರತೆ, ನಮ್ಮ ಕಡೆ ಕಾಯಿ ಸುಲಿದ ಮಟ್ಟೆ ರಸ್ತೆ ಬದಿಯಲ್ಲಿ ಗುಡ್ಡದ ಹಾಗೆ ಬಿದ್ದಿರುತ್ತದೆ. ಗುಂಡಿಯ ಮೇಲೆ ದಪ್ಪ ಕಪ್ಪು ಶೀಟು ಹೊದಿಸಿ, ಅದರ ಮೇಲೆ ಮಣ್ಣು ಹಾಕಿಸಿದಳು. ಬೋರ್‌ವೆಲ್ ನೀರು ಒಂದು ಕಡೆಯಿಂದ ಒಳಗೆ ಹೋಗಿ, ಮಟ್ಟೆಯ ನಡುವೆ ನಿಧಾನಕ್ಕೆ ಜಿನುಗಿ, ಇನ್ನೊಂದು ಕಡೆ ಮರಳಿನಲ್ಲಿ ಸೋಸಿ ನಲ್ಲಿಗೆ ಬರಬೇಕು.

ಶಾಲೆಯ ಜಗುಲಿಯಲ್ಲಿ ಊರವರನ್ನು ಕೂರಿಸಿಕೊಂಡು ಅವಳು ವಿವರಿಸಿದಳು. ಮೊದಲು ಬ್ಯಾಕ್ಟೀರಿಯಾ ಅಂದಳು. ಯಾರೂ ಮಿಸುಕಲಿಲ್ಲ. ಡಿನೈಟ್ರಿಫಿಕೇಶನ್ ಅಂದಳು. ಕೃಷ್ಣಪ್ಪ ಮೇಷ್ಟ್ರು ಗೊತ್ತಿದ್ದವರ ಹಾಗೆ ತಲೆ ಆಡಿಸಿದರು. ಪಾಪ, ಹುಡುಗಿ ಬೆವರು ಒರೆಸಿಕೊಂಡು ಕೊನೆಗೆ, "ಅಂದ್ರೆ, ಈ ಗುಂಡಿಯೊಳಗೆ ಕಣ್ಣಿಗೆ ಕಾಣದ ಹುಳ ಇರ್ತವೆ. ನೀರಲ್ಲಿರೋ ಗೊಬ್ಬರದ ಉಪ್ಪನ್ನ ಅವು ತಿಂದು, ಗಾಳಿ ಮಾಡಿ ಬಿಟ್ಬಿಡ್ತವೆ. ಆಚೆ ಬರೋ ನೀರು ಚೆನ್ನಾಗಿರುತ್ತೆ" ಅಂದಳು.

ಹುಳ ಅಂದದ್ದೇ ತಡ, ಇಡೀ ಜಗುಲಿ ಸಣ್ಣಕ್ಕನ ಕಡೆ ತಿರುಗಿತು.

"ಉಳ ನೋಡ್ಕಳಾಕೆ ನಮ್ ಸಣ್ಣಕ್ಕ ಅವ್ಳಲ್ಲ, ಇನ್ಯಾರ್ ಬೇಕು?" ಅಂದರು ತಿಮ್ಮಪ್ಪಗೌಡರು.

ಹಾಗೆ ಗುಂಡಿಯ ಉಸ್ತುವಾರಿ ಅತ್ತೆಗೆ ಬಂತು. ಕೆಲಸ ಇಷ್ಟೇ: ಬೆಳಿಗ್ಗೆ ವಾಲ್ವು ಸಣ್ಣಗೆ ತಿರುಗಿಸುವುದು, ನೀರು ಜೋರಾಗಿ ಹೋಗದಂತೆ ನೋಡಿಕೊಳ್ಳುವುದು, ದನಕರು ಮೇಲೆ ತುಳಿಯದಂತೆ ಕಾಯುವುದು. "ಮೇಲಿನ ಶೀಟ್ ಮಾತ್ರ ತೆಗೀಬೇಡಿ ಆಂಟಿ" ಅಂತ ಧನ್ಯಾ ಹೇಳಿದ್ದಳು. ಯಾಕೆ ಅಂತ ಹೇಳಲಿಲ್ಲವೋ, ಹೇಳಿದ್ದು ಅತ್ತೆಯ ಕಿವಿಗೆ ಬೀಳಲಿಲ್ಲವೋ. ಅವಳಿಗೆ ಬಂದ ಸಂಭ್ರಮದಲ್ಲಿ ಏನು ಕೇಳಿಸಿತೋ ಯಾರಿಗೆ ಗೊತ್ತು. ಮಾರನೆಯ ದಿನದಿಂದ ಅವಳು ಕೈಕಾಲು ತೊಳೆದುಕೊಂಡು, ಎಲೆ ಅಡಿಕೆ ಉಗಿದು, ಗುಂಡಿಯ ಹತ್ತಿರ ಹೋಗಿ ಮೆಲುದನಿಯಲ್ಲಿ ಮಾತಾಡುತ್ತಿದ್ದಳಂತೆ. ಹುಳದ ಮನೆಯಲ್ಲಿ ಮಾಡುತ್ತಿದ್ದ ಹಾಗೆಯೇ.

"ಕಾಣ್ದೇ ಇರೋ ಉಳದ ಜೊತೆ ಏನ್ ಮಾತಾಡ್ತೀಯತ್ತೆ?" ಅಂತ ನಾನು ರೇಗಿಸಿದ್ದೆ.

"ನೀ ಕಾಣಾಕಿಲ್ಲ ಅಂದ್ಬುಟ್ರೆ ಅವು ಇಲ್ದಂಗಾದವಾ? ಓಗ್ ನಿನ್ ಮಿಸಿನ್ ತುಳ್ಕೋ ಓಗು" ಅಂದಳು.

ಒಂದೆರಡು ತಿಂಗಳಲ್ಲಿ ನೀರು ಸುಧಾರಿಸಿತು. ಧನ್ಯಾ ವಾರಕ್ಕೊಮ್ಮೆ ಬಂದು ಕಾಗದದ ಪಟ್ಟಿ ಅದ್ದಿ ನೋಡುತ್ತಿದ್ದಳು. ಒಳಗೆ ಹೋಗುವ ನೀರಿಗೆ ಕಡು ಗುಲಾಬಿ ಬಣ್ಣ ಬರುತ್ತಿದ್ದ ಪಟ್ಟಿ ಆಚೆ ಬರುವ ನೀರಿಗೆ ಬೆಳ್ಳಗೆ ಉಳಿಯಿತು. ಕಾಲೇಜಿನಲ್ಲೂ ಪರೀಕ್ಷೆ ಮಾಡಿಸಿ ಕುಡಿಯಬಹುದು ಅಂತ ಹೇಳಿದರು. ಅತ್ತೆ ನಡೆಯುವ ಗತ್ತೇ ಬದಲಾಯಿತು.

ಅದೇ ಹೊತ್ತಿಗೆ ತೇಜಶ್ರೀ ಬಾಣಂತನಕ್ಕೆ ಬಂದಳು. ಅವಳನ್ನು ಕೊಟ್ಟಿರುವುದು ಅರಕಲಗೂಡು ಕಡೆಗೆ. ಗಂಡ ಭೀಮ ರಾಮನಾಥಪುರದ ತಂಬಾಕು ಹರಾಜಿನ ಕಡೆ ಬೇಲು ಸಾಗಿಸುವ ಲಾರಿ ಓಡಿಸುತ್ತಾನೆ. ಶಿವರಾತ್ರಿಗೆ ಮುಂಚೆ ಹೆಣ್ಣುಮಗು ಹುಟ್ಟಿತು. ತಿಂಗಳು ತುಂಬುವಷ್ಟರಲ್ಲಿ ತೇಜುಗೆ ಎದೆ ಬಾವು ಬಂದು, ಕೀವಾಗಿ, ಕುಯ್ಯಿಸಬೇಕಾಯಿತು. ಹಾಲು ನಿಂತುಹೋಯಿತು. ಡಾಕ್ಟರು ಡಬ್ಬಿ ಹಾಲಿನ ಪುಡಿ ಬರೆದುಕೊಟ್ಟರು. ಪುಡಿ ಕಲಸಲು ನೀರು ಎಲ್ಲಿಂದ? ಶಾಲೆಯ ಹಿಂದೆಯೇ ಇದೆಯಲ್ಲ, ಅಜ್ಜಿಯೇ ಸಾಕಿದ ಹುಳದ ನೀರು. ಅತ್ತೆ ಹೆಮ್ಮೆಯಿಂದ ಬಿಂದಿಗೆಯಲ್ಲಿ ತಂದು, ಕುದಿಸಿ, ಆರಿಸಿ ಕೊಡುತ್ತಿದ್ದಳು. ಕೂಸು ಗುಂಡಗುಂಡಗಾಯಿತು.

ಯುಗಾದಿ ಕಳೆದ ಮೇಲೆ ಆ ವರ್ಷ ಬಿಸಿಲು ವಿಪರೀತ. ಒಂದು ದಿನ ವಾಲ್ವು ತಿರುಗಿಸಲು ಹೋದ ಅತ್ತೆಯ ಮೂಗಿಗೆ ವಾಸನೆ ಬಡಿಯಿತು. ಕೊಳೆತ ಮೊಟ್ಟೆಯ ಹಾಗೆ. ಶೀಟಿನ ಅಂಚಿನಲ್ಲಿ ಗುಳುಗುಳು ಗುಳ್ಳೆ ಏಳುತ್ತಿತ್ತು. ಊಟ ಸೇರಲಿಲ್ಲ. ಸಂಜೆ ಇನ್ನೊಮ್ಮೆ ಹೋಗಿ ಮೂಸಿದಳು, ಇನ್ನೂ ಜೋರಾಗಿತ್ತು. ಮೂವತ್ತು ವರ್ಷ ಯಾವ ವಾಸನೆಗೆ ಹೆದರಿ ಬದುಕಿದ್ದಳೋ ಅದು ಈಗ ಕೂಸಿನ ನೀರಿನ ಗುಂಡಿಯಿಂದಲೇ ಬರುತ್ತಿತ್ತು. ಧನ್ಯಾಳಿಗೆ ಫೋನು ಮಾಡಲು ಅವಳಿಗೆ ಬರುವುದಿಲ್ಲ, ತೇಜುಗೆ ಹೇಳಿ ಬಾಣಂತಿಯ ತಲೆ ಯಾಕೆ ಕೆಡಿಸಬೇಕು ಅಂತ ಸುಮ್ಮನಾದಳು. ನೆಟ್ಟಗೆ ಹೋಗಿ ಕೇಳಿದ್ದು ತಿಮ್ಮಪ್ಪಗೌಡರನ್ನು.

ಗೌಡರು ಬಂದರು, ಮೂಸಿದರು, ಪಂಚೆಯಿಂದ ಮೂಗು ಮುಚ್ಚಿಕೊಂಡರು.

"ಉಳ ಸಪ್ಪೆ ಒಡೀತಾ ಅವೆ ಕಣಮ್ಮಿ. ಇಂಗೆ ಟಾರ್ಪಾಲ್ ಒದ್ಸಿ ಮಣ್ ಮುಚ್ಬುಟ್ರೆ ಉಸ್ರಾಡೋದು ಎಲ್ಲಿಂದ ಬಂತು? ಗಾಳಿ ಬುಡು, ಗಾಳಿ ಬುಡು."

"ಆ ಮೇಡಮ್ಮೋರು ತೆಗೀಬ್ಯಾಡಿ ಅಂದವ್ರೆ ಗೌಡ್ರೇ."

"ಅವ್ಳು ಒಂದ್ ಉಳಾನಾದ್ರೂ ಸಾಕವ್ಳಾ? ನೀ ಎಷ್ಟ್ ಸಾಕಿದ್ದೀಯ?"

ಈ ಮಾತಿಗೆ ಅತ್ತೆ ಬಿದ್ದುಹೋದಳು. ಮಣ್ಣು ಸರಿಸಿದಳು. ಶೀಟು ಮಡಚಿದಳು. ಮಟ್ಟೆ ಕಪ್ಪಗೆ ಲೋಳೆ ಲೋಳೆಯಾಗಿತ್ತು. ಅಯ್ಯೋ ನಿಮ್ಮ ಗತಿಯೇ ಅಂತ ಕಣ್ಣೀರು ಹಾಕಿಕೊಂಡು, ಹಾಸಿಗೆ ಬದಲಿಸುವ ಹಾಗೆ ಕವೆಗೋಲಿನಿಂದ ಮೇಲಿನ ಮಟ್ಟೆಯನ್ನು ತಿರುವಿ ಹಾಕಿದಳು. ಬಿದಿರಿನ ಗಳ ಚುಚ್ಚಿ ಅಲ್ಲಲ್ಲಿ ಆಳಕ್ಕೆ ಕಿಂಡಿ ಮಾಡಿದಳು. ತೋಟದಿಂದ ಎಳೇ ಸೊಪ್ಪು ತಂದು, ಸಣ್ಣಗೆ ಹೆಚ್ಚಿ, ಮೇಲೆ ಉದುರಿಸಿದಳು. ಹಸಿದಿದ್ದರೆ ತಿನ್ನಲಿ ಅಂತ. ಮಾರನೆಯ ದಿನ ವಾಸನೆ ಕಮ್ಮಿಯಾಗಿತ್ತು. ಅದರ ಮಾರನೆಯ ದಿನ ಇರಲೇ ಇಲ್ಲ. ಹುಳ ಬದುಕಿದವು ಅಂತ ಅತ್ತೆ ನೆಮ್ಮದಿಯಾಗಿ ಮುದ್ದೆ ಉಂಡಳು. ಆ ನೀರನ್ನೇ ತಂದು ಚೆನ್ನಾಗಿ ಕುದಿಸಿದಳು. ಕುದಿಸಿದರೆ ಗೊಬ್ಬರದ ವಿಷ ಸಾಯುವುದಿಲ್ಲ, ನೀರು ಆವಿಯಾಗಿ ಹೋಗಿ ಇನ್ನಷ್ಟು ಗಟ್ಟಿಯಾಗುತ್ತದೆ ಅನ್ನುವುದು ನಮಗೆ ಯಾರಿಗೆ ಗೊತ್ತಿತ್ತು?

ಭಾನುವಾರ ನಾನು ಕೂಸಿಗೆ ಹೊಲಿದ ಜಬಲಾ ತೆಗೆದುಕೊಂಡು ಕೊಪ್ಪಲಿಗೆ ಹೋದೆ. ತೊಟ್ಟಿಲು ಹತ್ತಿರ ಬಗ್ಗಿದವಳು ಹಾಗೇ ನಿಂತುಬಿಟ್ಟೆ. ಕೂಸಿನ ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು. ಉಗುರು ನೀಲಿ. ಅಳುತ್ತಲೂ ಇಲ್ಲ, ಸುಮ್ಮನೆ ನೋಡುತ್ತಿತ್ತು. ತೇಜು, "ರಾತ್ರಿಯಿಂದ ಹಾಲು ಬ್ಯಾಡ ಅಂತೈತೆ ಅಕ್ಕ, ಸೆಕೆಗೇನೋ ಅಂದ್ಕಂಡೆ" ಅಂದಳು.

"ಸೆಕೆಯಂತೆ ಸೆಕೆ! ಕಣ್ಣು ಕಾಣಲ್ವೇನೇ ನಿಂಗೆ!" ಅಂತ ಕಿರುಚಿದೆ. ಬಾಣಂತಿಯ ಮೇಲೆ ಹಾಗೆ ಕಿರುಚಬಾರದಿತ್ತು. ಆದರೆ ಕಿರುಚಿದ್ದರಿಂದಲೇ ಬೀದಿ ಜನ ಓಡಿಬಂದರು. ತಿಮ್ಮಪ್ಪಗೌಡರು ಏನೂ ಕೇಳದೆ ಕಾರು ತೆಗೆದರು. ನಮ್ಮವರು ಯಾರೂ ಅದುವರೆಗೆ ಆ ಕಾರಿನಲ್ಲಿ ಕೂತವರಲ್ಲ. ಆ ದಿನ ಅದು ಯಾರ ತಲೆಗೂ ಬರಲಿಲ್ಲ.

ಪಟ್ಟಣದ ಕ್ಲಿನಿಕ್ಕಿನಲ್ಲಿ ಒಂದು ನಿಮಿಷ ನೋಡಿ, ಹಾಸನಕ್ಕೆ ಹೋಗಿ, ನಿಲ್ಲಬೇಡಿ ಅಂದರು. ಶಾಂತಿಗ್ರಾಮದ ಟೋಲಿನಲ್ಲಿ ಮುಂದೆ ಲಾರಿಗಳ ಸಾಲು. ಗೌಡರು ಹಾರನ್ ಮೇಲಿನ ಕೈ ತೆಗೆಯಲಿಲ್ಲ. ಹಿಂದಿನ ಸೀಟಿನಲ್ಲಿ ಅತ್ತೆ ಕೂಸಿನ ಮೂಗಿನ ಹತ್ತಿರ ಬೆರಳಿಟ್ಟುಕೊಂಡು ಉಸಿರು ನೋಡುತ್ತಾ ಕೂತಿದ್ದಳು. "ಐತೆ, ಐತೆ, ಇನ್ನೂ ಐತೆ" ಅಂತ ಒಂದೇ ಸಮ ಅನ್ನುತ್ತಿದ್ದಳು. ಆ ಮಾತು ಕೇಳಿ ಕೇಳಿ ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ಸುಮ್ಮನಿರು ಅನ್ನೋಣ ಅಂದರೆ, ಅವಳು ಸುಮ್ಮನಾದರೆ ಏನರ್ಥ ಅಂತ ಹೆದರಿಕೆ.

ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರು ಗೌರೀಶ್ ಅನ್ನುವವರು. ಬಂದ ತಕ್ಷಣ ಕೂಸಿಗೆ ಆಕ್ಸಿಜನ್ ಹಾಕಿದರು. ನೀಲಿ ಇಳಿಯಲಿಲ್ಲ. ಡಾಕ್ಟರ ಹುಬ್ಬು ಗಂಟಾಯಿತು.

"ಏನಾದ್ರೂ ನಾಟಿ ಔಷಧಿ ಕುಡಿಸಿದ್ರಾ? ಮೈಗೆ ಏನಾದ್ರೂ ಹಚ್ಚಿದ್ರಾ?"

"ಇಲ್ಲ ಸರ್" ಅಂದಳು ತೇಜು.

"ಹಾಲಿಗೆ ಯಾವ ನೀರು? ಬೋರ್‌ವೆಲ್ಲಾ?"

"ಅಲ್ಲ ಸರ್, ಶುದ್ಧ ಮಾಡಿದ್ದು. ನೈಟ್ರೇಟ್ ತೆಗೆದಿರೋದು. ಕಾಲೇಜಿನೋರೇ ಟೆಸ್ಟ್ ಮಾಡಿ ಕೊಟ್ಟವ್ರೆ."

ಪಾಪ, ಅವಳು ಗೊತ್ತಿದ್ದದ್ದನ್ನು ಹೇಳಿದಳು. ಡಾಕ್ಟರು ನೀರಿನ ಅನುಮಾನ ಬಿಟ್ಟರು. ಹಾಗಾದರೆ ಹುಟ್ಟಿನಿಂದ ಹೃದಯದಲ್ಲೇ ಏನಾದರೂ ದೋಷ ಇರಬೇಕು, ಮೈಸೂರಿಗೆ ಕಳಿಸಬೇಕಾಗಬಹುದು ಅಂತ ಆಂಬುಲೆನ್ಸಿಗೆ ಹೇಳಲು ನರ್ಸಿಗೆ ಸೂಚಿಸಿದರು. ಮೈಸೂರು ಅಂದರೆ ಇನ್ನೂ ಎರಡು ಮೂರು ಗಂಟೆ. ಕೂಸು ಆಗಲೇ ಕಣ್ಣು ತೇಲಿಸುತ್ತಿತ್ತು.

ಸಿಟ್ಟು ಯಾರ ಮೇಲಾದರೂ ತೀರಿಸಿಕೊಳ್ಳಬೇಕಲ್ಲ, ಕಾರಿಡಾರಿಗೆ ಬಂದು ಧನ್ಯಾಳಿಗೆ ಫೋನು ಮಾಡಿದೆ. ಬಾಯಿಗೆ ಬಂದ ಹಾಗೆ ಬೈದೆ. ನಿನ್ನ ಹುಳ, ನಿನ್ನ ಗುಂಡಿ, ನಮ್ಮ ಕೂಸು ಸಾಯ್ತಾ ಇದೆ ಅಂದೆ. ಆ ಹುಡುಗಿ ನನ್ನ ಬೈಗುಳದ ನಡುವೆಯೇ ಕೇಳಿದಳು.

"ಅಕ್ಕ, ಹೋದ ವಾರ ನೋಡಿದಾಗ ಎಲ್ಲಾ ಸರಿ ಇತ್ತು. ಶೀಟ್ ಏನಾದ್ರೂ ತೆಗೆದಿದ್ರಾ?"

"ಅದನ್ನ ಯಾಕ್ ತೆಗೀತಾರೆ? ನಿನ್ ತಪ್ಪು ನಮ್ ತಲೆಗೆ ಕಟ್ತೀಯಾ?"

ಯಾರೋ ನನ್ನ ಮುಂಗೈ ಹಿಡಿದರು. ಅತ್ತೆ. ಹಿಡಿತ ಎಷ್ಟು ಬಿಗಿ ಅಂದರೆ ಬಳೆ ಒಡೆಯಿತು.

"ನಾನ್ ತಗ್ದೆ" ಅಂದಳು. "ನಾನೇ ತಗ್ದೆ ಕಣಮ್ಮಿ. ವಾಸ್ನೆ ಬಂತು. ಉಸ್ರು ಕಟ್ತಾ ಐತೆ ಅಂದ್ಕಂಡು ಗಾಳಿ ಬುಟ್ಟೆ."

ಆ ಮಾತು ಫೋನಿನಲ್ಲೇ ಧನ್ಯಾಳಿಗೆ ಕೇಳಿಸಿತು. "ಅಕ್ಕ, ಈಗಲೇ ಡಾಕ್ಟರ್ ಕೈಗೆ ಫೋನ್ ಕೊಡಿ. ಈಗಲೇ!" ಅಂತ ಕೂಗಿದಳು.

ಅವಳು ಡಾಕ್ಟರಿಗೆ ಹೇಳಿದ್ದನ್ನು ಆಮೇಲೆ ನಮಗೂ ಬಿಡಿಸಿ ಹೇಳಿದಳು. ಆ ಹುಳಗಳಿಗೆ ಗಾಳಿ ಬೇಡವಂತೆ, ಆ ಕೊಳೆತ ವಾಸನೆ ಒಳಗೆ ಗಾಳಿ ಇಲ್ಲ ಅನ್ನುವುದಕ್ಕೇ ಗುರುತಂತೆ. ಗಾಳಿ ಇಲ್ಲದಾಗ ಮಾತ್ರ ಅವು ವಿಧಿಯಿಲ್ಲದೆ ನೈಟ್ರೇಟನ್ನು ಒಡೆದು, ಅದರೊಳಗಿನ ಆಮ್ಲಜನಕದಲ್ಲಿ ಉಸಿರಾಡುತ್ತವೆ. ಗಾಳಿ ಸಿಕ್ಕಿತೋ, ನೈಟ್ರೇಟು ಯಾರಿಗೆ ಬೇಕು? ಹೋಳಿಗೆ ಸಿಕ್ಕ ಮಕ್ಕಳು ಕಷಾಯ ಕುಡಿಯುತ್ತವೆಯೇ? ಅತ್ತೆ ತಿರುವಿ ಹಾಕಿದ ಮೇಲೆ ಗುಂಡಿಯೊಳಗೆ ಅರ್ಧ ಕಡೆ ಗಾಳಿ, ಅರ್ಧ ಕಡೆ ಇಲ್ಲ. ಹುಳ ಕೆಲಸವನ್ನು ಅರ್ಧಕ್ಕೇ ಬಿಟ್ಟವು. ಪೂರ್ತಿ ತಿಂದಿದ್ದರೆ ಅದು ಸಾರಜನಕವಾಗಿ ಗಾಳಿಗೆ ಹಾರಿಹೋಗುತ್ತಿತ್ತು. ಅರ್ಧ ತಿಂದದ್ದು ನೈಟ್ರೈಟಾಗಿ ನೀರಿನಲ್ಲೇ ಉಳಿಯಿತು. "ಹುಳದ ಎಂಜಲು ಅಂದ್ಕೊಳ್ಳಿ ಅಕ್ಕ" ಅಂದಳು. ಈ ಎಂಜಲು ಮೊದಲಿದ್ದ ನೈಟ್ರೇಟಿಗಿಂತ ಕೆಟ್ಟದ್ದು. ಮೈಗೆ ಹೋದರೆ ರಕ್ತವನ್ನೇ ಕೆಡಿಸಿಬಿಡುತ್ತದೆ. ರಕ್ತ ಇರುತ್ತದೆ, ಓಡುತ್ತದೆ, ಉಸಿರನ್ನು ಮಾತ್ರ ಹೊರುವುದಿಲ್ಲ. ಎಷ್ಟು ಆಕ್ಸಿಜನ್ ಕೊಟ್ಟರೂ ಏನು ಪ್ರಯೋಜನ?

ಡಾಕ್ಟರು ಫೋನು ಕೆಳಗಿಡುವ ಮೊದಲೇ ಒಳಗೆ ಓಡಿದ್ದರು. ಕೂಸಿನ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ಬಿಳಿ ಬಟ್ಟೆಯ ಮೇಲೆ ಹಾಕಿದರು. ನಾನು ಬಾಗಿಲ ಗಾಜಿನಿಂದ ನೋಡುತ್ತಿದ್ದೆ. ರಕ್ತ ಕಾಫಿ ಡಿಕಾಕ್ಷನ್ ಬಣ್ಣಕ್ಕಿತ್ತು. ಬಟ್ಟೆಯನ್ನು ಗಾಳಿಯಲ್ಲಿ ಬೀಸಿದರು. ಕೆಂಪಾಗಲಿಲ್ಲ. ಅವರು ನರ್ಸಿಗೆ ಏನೋ ಹೇಳಿದರು, ನರ್ಸು ಓಡಿಹೋಗಿ ಒಂದು ಸಣ್ಣ ಗಾಜಿನ ಸೀಸೆ ತಂದಳು. ಒಳಗಿನ ಔಷಧಿ ಕಡು ನೀಲಿ. ಬಟ್ಟೆಗೆ ಹಾಕುವ ನೀಲಿಯ ಹಾಗೆ.

"ಆಗ್ಲೇ ನೀಲಿ ಆಗಿರೋ ಕೂಸಿಗೆ ಮತ್ತೆ ನೀಲಿ ಔಸ್ದಿ ಕೊಡ್ತಾ ಅವ್ರಲ್ಲೇ!" ಅಂತ ಅತ್ತೆ ಬಾಗಿಲಿಗೆ ಹಣೆ ಚಚ್ಚಿಕೊಂಡಳು. ನನಗೂ ಹಾಗೇ ಅನ್ನಿಸಿತು, ಹೇಳಲಿಲ್ಲ ಅಷ್ಟೇ.

ಗೌಡರು ಕಾರಿಡಾರಿನ ಬೆಂಚಿನ ಮೇಲೆ ಕೂತು ನೆಲದ ಟೈಲ್ಸ್ ನೋಡುತ್ತಿದ್ದರು. ಗಾಳಿ ಬುಡು ಅಂದವರು ತಾವು ಅನ್ನುವ ಒಂದು ಮಾತು ಅವರ ಬಾಯಿಂದ ಬರಲಿಲ್ಲ. ಅತ್ತೆಯೂ ಅವರ ಹೆಸರೆತ್ತಲಿಲ್ಲ. ಈ ಗೌಡರ ಮಾತಿನ ವಿಷಯ ನನಗೆ ಗೊತ್ತಾದದ್ದೇ ತಿಂಗಳ ಮೇಲೆ, ಅದೂ ಅವರ ಹೆಂಡತಿ ಲಕ್ಕಮ್ಮನವರ ಬಾಯಿಂದ. ಗೊತ್ತಿದ್ದಿದ್ದರೆ ಆ ಕಾರಿಡಾರಿನಲ್ಲೇ ಅವರ ಪಂಚೆ ಹರಿಯುತ್ತಿದ್ದೆ. ಆದರೆ ಕಾರು ತಂದವರೂ ಅವರೇ. ಇಂಥವರನ್ನು ಏನು ಮಾಡಬೇಕೋ ನನಗೆ ಇವತ್ತಿಗೂ ತಿಳಿಯದು.

ಔಷಧಿ ನಿಧಾನಕ್ಕೆ ಏರಿಸಿದರು. ನಾವು ಗಾಜಿಗೆ ಮುಖ ಒತ್ತಿಕೊಂಡು ನಿಂತೆವು. ಎಷ್ಟು ಹೊತ್ತು ನಿಂತೆವೋ ಗೊತ್ತಿಲ್ಲ. ಮೊದಲು ಕಿವಿಯ ತುದಿ, ಆಮೇಲೆ ತುಟಿ. ಬೂದಿ ಬಣ್ಣ ಕರಗಿ ಕೂಸಿನ ತುಟಿ ಗುಲಾಬಿಗೆ ತಿರುಗಿತು. ಕೂಸು ಕಾಲು ಝಾಡಿಸಿ ಅಳತೊಡಗಿತು. ಅಬ್ಬಾ, ಆ ಅಳು! ನಾನು ನೆಲದ ಮೇಲೆ ಕುಕ್ಕರಿಸಿ ಕೂತು ಜೋರಾಗಿ ಅತ್ತುಬಿಟ್ಟೆ. ನಾಚಿಕೆಯೇನೂ ಆಗಲಿಲ್ಲ.

ಸಂಜೆ ಕೂಸು ಉಚ್ಚೆ ಹೊಯ್ದಾಗ ಬಟ್ಟೆಯೆಲ್ಲಾ ನೀಲಿ ಹಸಿರು. ಅತ್ತೆ ಆಸ್ಪತ್ರೆ ಒಂದಾಗುವಂತೆ ಬೊಬ್ಬೆ ಹೊಡೆದಳು. ನರ್ಸಮ್ಮ ಓಡಿಬಂದು, "ಔಷಧಿ ಬಣ್ಣ ಕಣಜ್ಜಿ, ಅದು ಆಚೆ ಬರ್ಬೇಕಲ್ಲ!" ಅಂತ ನಕ್ಕಳು. ನಾವೂ ನಕ್ಕೆವು. ಅತ್ತೆ ನಗಲಿಲ್ಲ. ಆ ಬಟ್ಟೆ ಒಗೆದು, ಹಿಂಡಿ, ಮತ್ತೆ ಒಗೆದಳು.

ತೇಜುಗೆ ಅಷ್ಟು ಹೊತ್ತಿಗೆ ಎಲ್ಲಾ ಗೊತ್ತಾಗಿತ್ತು. ಅವಳು ತಾಯಿಯನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮುಖ ನೋಡದೆ, "ನೀನ್ ಊರ್ಗೋಗವ್ವ, ಅಕ್ಕ ಇರ್ತಾಳೆ" ಅಂದಳು. ಭೀಮ ಬಂದ ಮೇಲೆ ಬಿಡುಗಡೆ ಮಾಡಿಸಿಕೊಂಡು ಸೀದಾ ಅರಕಲಗೂಡಿಗೆ ಹೋದರು. ಬಾಣಂತನ ಅರ್ಧಕ್ಕೇ ಮುಗಿಯಿತು. ಬಾಣಂತಿಗೆ ಅಂತ ಅತ್ತೆ ಕುಟ್ಟಿಟ್ಟಿದ್ದ ಖಾರದ ಪುಡಿ ಡಬ್ಬಿಯಲ್ಲೇ ಉಳಿಯಿತು.

ಊರಿನಲ್ಲಿ ಗುಂಡಿ ಮುಚ್ಚಿಬಿಡಿ ಅಂತ ಗಲಾಟೆ ಎದ್ದಿತು. ಧನ್ಯಾ ಬಂದು ಶೀಟು ಹೊದಿಸಿ, ಮಣ್ಣು ಹಾಕಿಸಿ, ಎಲ್ಲರ ಮುಂದೆ ಅತ್ತೆಯ ಕೈ ಹಿಡಿದುಕೊಂಡಳು. "ಹುಳ ಅಂತ ಹೇಳ್ಬಾರ್ದಿತ್ತು ನಾನು" ಅಂದಳು. "ನೀವು ಸೊಪ್ಪು ಹಾಕಿದ್ದು ಒಳ್ಳೇದೇ ಆಯ್ತು ಆಂಟಿ, ಅವಕ್ಕೂ ಸೊಪ್ಪು ಸೇರುತ್ತೆ" ಅಂತ ಸಮಾಧಾನಕ್ಕೆ ಒಂದು ಮಾತು ಸೇರಿಸಿದಳು. ಉಸ್ತುವಾರಿ ಬೇರೆಯವರಿಗೆ ಕೊಡೋಣ ಅಂದಾಗ ಅತ್ತೆ ಒಪ್ಪಲಿಲ್ಲ. ಈಗ ಬೆಳಿಗ್ಗೆ ಹೋಗಿ, ವಾಲ್ವು ತಿರುಗಿಸಿ, ವಾಸನೆ ಇದೆಯೋ ಇಲ್ಲವೋ ಅಂತ ಮೂಸಿ, ವಾಸನೆ ಇದ್ದರೆ ಸಮಾಧಾನವಾಗಿ ಬರುತ್ತಾಳೆ. ಏನೂ ಮಾಡದೆ ಬರುವುದು ಅವಳಿಗೆ ಎಷ್ಟು ಕಷ್ಟ ಅಂತ ನಾನು ನೋಡಿದ್ದೇನೆ. ಬೆನ್ನ ಹಿಂದೆ ಕೈ ಕಟ್ಟಿಕೊಂಡು ನಿಲ್ಲುತ್ತಾಳೆ, ಎಲ್ಲಿ ಆ ಕೈ ತಾನಾಗಿ ಶೀಟು ಎಳೆದುಬಿಡುತ್ತದೋ ಅನ್ನುವ ಹಾಗೆ. ನೀರು ಮತ್ತೆ ಸುಧಾರಿಸಿದೆ. ಕೂಸುಗಳಿಗೆ ಮಾತ್ರ ಕ್ಯಾನಿನ ನೀರೇ ಕೊಡಬೇಕು ಅಂತ ಧನ್ಯಾ ಕಟ್ಟುನಿಟ್ಟಾಗಿ ಹೇಳಿದ್ದಾಳೆ.

ತೇಜು ವರ್ಷದವರೆಗೂ ಕೊಪ್ಪಲಿಗೆ ಬರಲಿಲ್ಲ. ಫೋನಿನಲ್ಲಿ ಮಾತು, ವಿಡಿಯೋದಲ್ಲಿ ಕೂಸಿನ ಮುಖ, ಅಷ್ಟೇ. ಅತ್ತೆ ಫೋನನ್ನು ಕಣ್ಣಿನ ಹತ್ತಿರಕ್ಕೆ ಹಿಡಿದು, "ಬ್ಯಾಟ್ರಿ ಹಾಕಮ್ಮಿ, ಬೆಳಕಿಲ್ಲ, ತುಟಿ ಸರ್ಯಾಗಿ ಕಾಣ್ತಿಲ್ಲ" ಅನ್ನುವಳು.

ಈ ಜೂನ್ ತಿಂಗಳಲ್ಲಿ ತೇಜು ಮನಸ್ಸು ಮಾಡಿ ಬಂದಳು. ಕೂಸು ಈಗ ತಟ್ಟಾಡಿಕೊಂಡು ನಡೆಯುತ್ತದೆ. ಬಂದ ದಿನ ಅತ್ತೆ ದೂರದಲ್ಲೇ ನಿಂತಿದ್ದಳು, ಎತ್ತಿಕೊಳ್ಳಲಿಲ್ಲ. ತೇಜುವೂ ಎತ್ತಿಕೋ ಅನ್ನಲಿಲ್ಲ. ನಾನು ಇಬ್ಬರನ್ನೂ ಮನಸ್ಸಿನಲ್ಲೇ ಬೈದುಕೊಂಡು ಕಾಫಿ ಕುಡಿದೆ.

ಮಾರನೆಯ ದಿನ ಮಧ್ಯಾಹ್ನ ಊಟವಾಗಿ ನಾನು, ತೇಜು ಒಳಗೆ ಅಡ್ಡಾಗಿದ್ದೆವು. ಕೂಸು ಜಗುಲಿಯಲ್ಲಿ ಆಡುತ್ತಿತ್ತು. ಅತ್ತೆ ಹಿತ್ತಲಿನಿಂದ ಬಂದವಳು ಅದರ ಮುಖ ನೋಡಿದಳು. ಅವಳ ಬಾಯಿಂದ ಬಂದ ಕೂಗನ್ನು ನಾನು ಬರೆಯಲಾರೆ. ನಾವು ಎದ್ದು ಬರುವಷ್ಟರಲ್ಲಿ ಅವಳು ಕೂಸನ್ನು ಎದೆಗೆ ಅವುಚಿಕೊಂಡು, ಚಪ್ಪಲಿಯಿಲ್ಲದೆ, ಸೆರಗು ನೆಲಕ್ಕೆ ಎಳೆಯುತ್ತಾ, ರಸ್ತೆಯ ಕಡೆ ಓಡುತ್ತಿದ್ದಳು. "ಕಾರ್ ತೆಗೀರ್ರಪ್ಪೋ, ಯಾರಾದ್ರೂ ಕಾರ್ ತೆಗೀರ್ರೀ!" ಮೊಣಕಾಲು ನೋವಿನ ಹೆಂಗಸು, ನಮಗೆ ಹಿಡಿಯಲು ಆಗಲಿಲ್ಲ. ಬಸ್ ನಿಲ್ಲುವ ಜಾಗದಲ್ಲಿ ಹೋಗಿ ಹಿಡಿದೆವು. ತೇಜು ಕೂಸಿನ ಮುಖ ತಿರುಗಿಸಿ ನೋಡಿ ಬೆಳ್ಳಗಾದಳು. ತುಟಿ ನೀಲಿ. ನಾಲಿಗೆಯೂ ನೀಲಿ.

ನಾನು ಬೆರಳಿನಿಂದ ಒರೆಸಿದೆ. ಬಣ್ಣ ಬೆರಳಿಗೆ ಬಂತು.

ನೇರಳೆ ಹಣ್ಣು. ಪಕ್ಕದ ಮನೆಯ ಚಿಕ್ಕಮ್ಮ ಬೀಜ ತೆಗೆದು ಕೂಸಿನ ಬಾಯಿಗೆ ಹಿಂಡಿದ್ದಳಂತೆ.

ಸೇರಿದ್ದ ಜನ ನಗಲು ಶುರುಮಾಡಿದರು. ಚಿಕ್ಕಮ್ಮ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ, ಹೆದರಿಕೆ ಇಳಿದ ಮೇಲೆ ಬರುವ ನಗು. ಅತ್ತೆಗೆ ಏನೂ ಕೇಳಿಸುತ್ತಿರಲಿಲ್ಲ. ರಸ್ತೆಯ ಮಧ್ಯೆ ಕೂತು, ಸೆರಗಿನ ತುದಿಯಿಂದ ಕೂಸಿನ ತುಟಿ ಒರೆಸುತ್ತಿದ್ದಳು. ಒರೆಸಿ ನೋಡುವಳು, ಮತ್ತೆ ಒರೆಸುವಳು. ಕೂಸು ನೋವಾಗಿ ಅಳತೊಡಗಿತು. ಆಗ ತೇಜು ತಾಯಿಯ ಎದುರು ಕುಕ್ಕರಗಾಲಲ್ಲಿ ಕೂತು, ಆ ಕೈ ಹಿಡಿದು ನಿಲ್ಲಿಸಿದಳು.

"ಅವ್ವ, ಸಾಕು ಬುಡು. ಅಣ್ಣಿನ ಬಣ್ಣ ಕಣವ್ವ. ಕೂಸು ಚೆನ್ನಾಗೈತೆ."

"ಇನ್ನೊಂದ್ ಸಲ ನೋಡ್ಲಾ?" ಅಂದಳು ಅತ್ತೆ.

"ನೋಡವ್ವ" ಅಂದಳು ತೇಜು.